ಏಳನೇ ಪುಟದ ಪ್ರಶ್ನೆ

ಮಗುವಿಗಾಗಿ ಐವಿಎಫ್ ಚಿಕಿತ್ಸೆ ಶುರುಮಾಡುವ ಮೊದಲು, ಹದಿನಾಲ್ಕು ಪುಟದ ಆ ಒಪ್ಪಿಗೆ ಫಾರ್ಮಿಗೆ ಸಹಿ ಹಾಕಲು ನಮಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು. ಸಹಿ ಬೇಕಾದ ಕಡೆಯಲ್ಲೆಲ್ಲ ಮೊದಲೇ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿಟ್ಟಿದ್ದರು. "ಇಲ್ಲಿ ನೀವು, ಇಲ್ಲಿ ಸರ್, ಇಲ್ಲಿ ಇಬ್ಬರೂ" ಅಂತ ಬೆರಳಿಟ್ಟು ತೋರಿಸುತ್ತಾ ಪುಟ ಮಗುಚುತ್ತಿದ್ದರು. ಏಳನೇ ಪುಟದಲ್ಲಿ ಮಾತ್ರ ಸಹಿಯ ಗುರುತಿನ ಮೇಲೆ ಎರಡು ಸಾಲು ಚೌಕಗಳಿದ್ದವು. ಮೊದಲ ಸಾಲಿನ ಪ್ರಶ್ನೆ ಹೀಗಿತ್ತು: ಫ್ರೀಜ್ ಮಾಡಿಟ್ಟ ಭ್ರೂಣಗಳು ಉಳಿದಿರುವಾಗ ನಿಮ್ಮಲ್ಲಿ ಒಬ್ಬರು ತೀರಿಕೊಂಡರೆ ಅವನ್ನು ಏನು ಮಾಡಬೇಕು? ಬದುಕಿರುವವರಿಗೆ ಕೊಡಬೇಕೇ, ಬೇರೆ ದಂಪತಿಗೆ ದಾನ ಮಾಡಬೇಕೇ, ಸಂಶೋಧನೆಗೆ ಕೊಡಬೇಕೇ, ನಾಶ ಮಾಡಬೇಕೇ? ಎರಡನೇ ಸಾಲು ಇನ್ನೂ ಚಿಕ್ಕದು. ನೀವಿಬ್ಬರೂ ಬೇರೆಯಾದರೆ?

ನನ್ನ ಪೆನ್ನು ನಿಂತಿತು. ಇವರ ಮುಖ ನೋಡಿದೆ. ಇವರು ತಲೆ ಎತ್ತದೆ ಫಾರ್ಮನ್ನೇ ನೋಡುತ್ತಿದ್ದರು. "ಯಾವುದಾದರೂ ಒಂದಕ್ಕೆ ಟಿಕ್ ಹಾಕಿ ಮೇಡಂ, ಎಲ್ಲರೂ ಮೊದಲನೆಯದಕ್ಕೇ ಹಾಕೋದು" ಎಂದರು ಸಿಸ್ಟರ್. ಅವರದೇನೂ ತಪ್ಪಿಲ್ಲ. ಹೊರಗೆ ಇನ್ನೂ ಆರೇಳು ಜೋಡಿ ಕಾಯುತ್ತಿದ್ದರು. ನಾನು ಮೊದಲ ಸಾಲಿನ ಮೊದಲ ಚೌಕಕ್ಕೆ ಟಿಕ್ ಹಾಕಿ ಪೆನ್ನು ಇವರ ಕೈಗೆ ಕೊಟ್ಟೆ. ಎರಡನೇ ಸಾಲಿನಲ್ಲಿ ಏನು ಹಾಕಿದೆವು ಅನ್ನೋದು ಮುಂದೆ ನಾಲ್ಕು ವರ್ಷ ನನಗೆ ನೆನಪೇ ಇರಲಿಲ್ಲ.

ಇದು ನನ್ನನ್ನು ಈಗಲೂ ಕೊರೆಯುತ್ತದೆ. ಯಾಕೆಂದರೆ ಆ ದಿನಗಳಲ್ಲಿ ನಾನು ಓದದೆ ಬಿಟ್ಟ ಚೀಟಿಯೇ ಇಲ್ಲ. ಇಂಜೆಕ್ಷನ್ ಡಬ್ಬಿಯೊಳಗೆ ಮಡಚಿಟ್ಟ ಸಣ್ಣಕ್ಷರದ ಕಾಗದವನ್ನೂ ಬಿಡಿಸಿ ಓದಿದ್ದೇನೆ. ಯಾವ ಔಷಧಿಯನ್ನು ತಂಪಾಗಿ ಇಡಬೇಕು, ಯಾವುದನ್ನು ಹೊಟ್ಟೆಯ ಯಾವ ಭಾಗಕ್ಕೆ ಚುಚ್ಚಬೇಕು, ಎಲ್ಲಾ ಬಾಯಿಪಾಠ. ನಮ್ಮ ಸಹಿ ಇದ್ದ ಒಂದೇ ಕಾಗದವನ್ನು ಮಾತ್ರ ಓದಲಿಲ್ಲ.

ಲೆಕ್ಕ ಇಳಿಯುತ್ತಾ ಹೋಗುವ ದಿನಗಳು

ಐವಿಎಫ್ ಅಂದರೆ ಏನು ಅಂತ ಕೇಳಿದರೆ ಒಂದೇ ವಾಕ್ಯದಲ್ಲಿ ಹೇಳಬಹುದು. ಮೈಯೊಳಗೆ ಆಗಬೇಕಾದ ಫಲೀಕರಣವನ್ನು ಲ್ಯಾಬಿನ ತಟ್ಟೆಯಲ್ಲಿ ಮಾಡಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು. ಅನುಭವಿಸುವಾಗ ಮಾತ್ರ ಇದು ಒಂದು ವಾಕ್ಯದಲ್ಲಿ ಮುಗಿಯುವುದಿಲ್ಲ. ಹತ್ತು ಹನ್ನೆರಡು ದಿನ ಹಾರ್ಮೋನ್ ಇಂಜೆಕ್ಷನ್. ತಿಂಗಳಿಗೆ ಒಂದು ಮೊಟ್ಟೆ ಬಲಿಯುವ ಕಡೆ ಹಲವು ಮೊಟ್ಟೆ ಒಟ್ಟಿಗೆ ಬಲಿಯಲಿ ಅಂತ. ನಡುನಡುವೆ ಸ್ಕ್ಯಾನ್, ರಕ್ತಪರೀಕ್ಷೆ. ಅಂಡಾಶಯ ಔಷಧಿಗೆ ಅತಿಯಾಗಿ ಸ್ಪಂದಿಸಿದರೆ ಹೊಟ್ಟೆಯಲ್ಲಿ ನೀರು ತುಂಬಿ ಅಪಾಯವಾಗಬಹುದು. ಹಾಗಾಗಿ ಡಾಕ್ಟರು ಡೋಸನ್ನು ಆಗಾಗ ಏರಿಸಿ ಇಳಿಸುತ್ತಾರೆ. ಕೊನೆಗೆ, ಮೊಟ್ಟೆಗಳು ಪೂರ್ತಿ ಬಲಿಯಲಿ ಅಂತ ಗಡಿಯಾರ ನೋಡಿಕೊಂಡು ಕೊಡುವ ಟ್ರಿಗರ್ ಇಂಜೆಕ್ಷನ್. ಅದಾಗಿ ಸುಮಾರು 36 ಗಂಟೆಗೆ, ಮಂಪರು ಬರಿಸಿ, ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಮೊಟ್ಟೆ ಹೊರತೆಗೆಯುತ್ತಾರೆ. ಇಂಜೆಕ್ಷನ್ನಿನ ಹೊತ್ತು ತಪ್ಪಿದರೆ ಇಡೀ ತಿಂಗಳ ಶ್ರಮ ನೀರುಪಾಲು. ನಮ್ಮದು ರಾತ್ರಿ ಹನ್ನೊಂದೂವರೆಗೆ ಇತ್ತು. ಇವರು ಎಂಟು ಗಂಟೆಯಿಂದಲೇ ಅಲಾರಂ ಇಟ್ಟುಕೊಂಡು ಕೂತಿದ್ದರು.

ಆಮೇಲೆ ಶುರುವಾಗುವುದು ಲೆಕ್ಕ. ನಮಗೆ ಸಿಕ್ಕಿದ್ದು ಹದಿಮೂರು ಮೊಟ್ಟೆ. ಅದರಲ್ಲಿ ಬಲಿತಿದ್ದವು ಹತ್ತು. ವೀರ್ಯಾಣುವನ್ನು ನೇರವಾಗಿ ಮೊಟ್ಟೆಯೊಳಗೆ ಚುಚ್ಚುವ ವಿಧಾನ ಮಾಡಿದ್ದರು. ಅದಕ್ಕೆ ಇಕ್ಸಿ ಅನ್ನುತ್ತಾರೆ, 1992ರಿಂದ ಬಳಕೆಯಲ್ಲಿದೆ. ಮಾರನೇ ಬೆಳಿಗ್ಗೆ ಫೋನ್ ಬಂತು, ಫಲಿತವಾದದ್ದು ಏಳು. ಮೂರನೇ ದಿನ ಮತ್ತೆ ಫೋನ್. ಐದನೇ ದಿನಕ್ಕೆ, ಬ್ಲಾಸ್ಟೊಸಿಸ್ಟ್ ಅನ್ನುವ ಹಂತ ಮುಟ್ಟಿ ಉಳಿದದ್ದು ನಾಲ್ಕು. ಈ ಇಳಿಕೆ ಮಾಮೂಲಿ, ಬಹುತೇಕ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಮೊದಲೇ ಹೇಳಿದ್ದರು. ಆದರೂ ಪ್ರತಿ ಫೋನಿಗೂ ಹೊಟ್ಟೆಯಲ್ಲಿ ಏನೋ ಕಳಚಿ ಬಿದ್ದ ಹಾಗಾಗುತ್ತಿತ್ತು. ನಾಲ್ಕರಲ್ಲಿ ಒಂದನ್ನು ಮಾತ್ರ ಆಗಲೇ ಗರ್ಭಕೋಶಕ್ಕೆ ಬಿಟ್ಟರು. ಎರಡು ಬಿಡಿ, ಅವಕಾಶ ಜಾಸ್ತಿ ಅಲ್ವಾ ಅಂತ ನಾನು ಕೇಳಿದ್ದೆ. ಅವಳಿ ಜವಳಿ ಬಸಿರಿನಲ್ಲಿ ತಾಯಿಗೂ ಮಕ್ಕಳಿಗೂ ಅಪಾಯ ಹೆಚ್ಚು, ಒಂದೇ ಸಾಕು ಅಂದರು. ಈಗ ನೆನೆದರೆ ಅವರು ಹೇಳಿದ್ದೇ ಸರಿ. ಉಳಿದ ಮೂರು ಫ್ರೀಜರ್ ಸೇರಿದವು. ಫ್ರೀಜರ್ ಅಂದರೆ ನಮ್ಮ ನಿಮ್ಮ ಫ್ರೀಜರ್ ಅಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಒಳಗೆ ಮಂಜಿನ ಹರಳು ಕಟ್ಟಲು ಪುರುಸೊತ್ತು ಕೊಡದಷ್ಟು ಬೇಗ ತಣಿಸಿ ಗಾಜಿನಂತೆ ಗಟ್ಟಿ ಮಾಡಿಬಿಡುತ್ತಾರೆ. ಅಲ್ಲಿ ಕಾಲ ನಡೆಯುವುದಿಲ್ಲ ಅಂತಲೇ ಹೇಳಬೇಕು.

ಮೊದಲ ಸಲದ್ದು ನಿಲ್ಲಲಿಲ್ಲ. ಆ ಎರಡು ವಾರದ ಕಾಯುವಿಕೆ, ಆಮೇಲೆ ಬಂದ ಆ ರಿಪೋರ್ಟು, ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕೆಲವು ತಿಂಗಳ ನಂತರ ಫ್ರೀಜರಿನಿಂದ ಒಂದನ್ನು ತೆಗೆದು ಬಿಟ್ಟರು. ಅವಳಿಗೆ ಈಗ ಮೂರು ವರ್ಷ ದಾಟಿದೆ. ನಾನು ಇದನ್ನು ಟೈಪ್ ಮಾಡುವಾಗ ಪಕ್ಕದಲ್ಲಿ ಕೂತು ಗೋಡೆಗೆ ಬಣ್ಣ ಬಳಿಯುತ್ತಿದ್ದಾಳೆ.

ಮಗು ಮೊದಲು, ಕಾನೂನು ಆಮೇಲೆ

ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು, ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ. ಐವಿಎಫ್‌ನಿಂದ ಹುಟ್ಟಿದ ಮೊದಲ ಮಗು. ಅವತ್ತು ಇದಕ್ಕೆಂದೇ ಮಾಡಿದ ಕಾನೂನು ಬ್ರಿಟನ್ನಿನಲ್ಲಿ ಇರಲಿಲ್ಲ. ಅದು ಬಂದಿದ್ದು 1990ರಲ್ಲಿ. ಅದೇ 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ಇನ್ನೊಂದು ಮಗು ಹುಟ್ಟಿತು. ಅವರು ಭ್ರೂಣವನ್ನು ಫ್ರೀಜ್ ಮಾಡಿ ಆಮೇಲೆ ಬಳಸಿದ್ದರು. ಸರ್ಕಾರದ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ಜೀವ ಕಳೆದುಕೊಂಡರು. ಭಾರತದಲ್ಲಿ ಈ ಚಿಕಿತ್ಸೆಗೆ ಕಾನೂನು ಬಂದಿದ್ದು 2021ರಲ್ಲಿ. ಆ ಮಗು ಆಗ ನಲವತ್ತು ದಾಟಿದ ಹೆಂಗಸು.

ಕಾನೂನು ಮಾಡುವವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಅವರಾದರೂ ಏನು ಮಾಡಿಯಾರು? ಅಲ್ಲಿಯವರೆಗೆ ಬಹುತೇಕ ದೇಶಗಳ ಕಾನೂನು ಒಂದು ವಿಷಯವನ್ನು ಕೇಳದೆಯೇ ಒಪ್ಪಿಕೊಂಡಿತ್ತು. ಹೆತ್ತವಳು ತಾಯಿ. ಇದಕ್ಕೆ ಸಾಕ್ಷಿ ಬೇಕಿರಲಿಲ್ಲ. ತಂದೆ ಯಾರು ಅಂತ ಜಗಳ ಬರುತ್ತಿತ್ತು, ತಾಯಿ ಯಾರು ಅಂತ ಬರುತ್ತಿರಲಿಲ್ಲ. ಈಗ ಮೊಟ್ಟೆ ಒಬ್ಬರದು, ಹೊತ್ತವರು ಇನ್ನೊಬ್ಬರು, ಸಾಕುವವರು ಮತ್ತೊಬ್ಬರು ಆಗಬಹುದು. ಬ್ರಿಟನ್ನಿನ ಕಾನೂನು ಹೆತ್ತವಳನ್ನೇ ತಾಯಿ ಅಂದಿತು, ಮೊಟ್ಟೆ ಯಾರದೇ ಇರಲಿ. ಕ್ಯಾಲಿಫೋರ್ನಿಯಾದ ಕೋರ್ಟ್ 1993ರಲ್ಲಿ ಒಂದು ಬಾಡಿಗೆ ತಾಯ್ತನದ ಜಗಳದಲ್ಲಿ ಬೇರೆ ದಾರಿ ಹಿಡಿಯಿತು. ಮಗು ಬೇಕು, ತಂದು ಸಾಕಬೇಕು ಅಂತ ಹೊರಟವಳು ಯಾರೋ ಅವಳೇ ತಾಯಿ ಅಂದಿತು. ಎರಡರಲ್ಲೂ ನ್ಯಾಯ ಇದೆ. ಆದರೆ ಒಂದು ದೇಶದಲ್ಲಿ ತಾಯಿಯಾದವಳು ಇನ್ನೊಂದು ದೇಶದ ವಿಮಾನ ನಿಲ್ದಾಣದಲ್ಲಿ ತಾಯಿಯಲ್ಲದೆ ನಿಲ್ಲಬೇಕಾಗಬಹುದು. ಚಿಕಿತ್ಸೆಗೆ ಗಡಿ ದಾಟಿ ಹೋಗುವವರು ಆಸ್ಪತ್ರೆಗಿಂತ ಮೊದಲು ವಕೀಲರನ್ನು ನೋಡಬೇಕು ಅನ್ನುವುದು ಇದಕ್ಕೇ. ಮಗು ಹುಟ್ಟುವುದು ಎಲ್ಲೋ, ಅದಕ್ಕೆ ಪಾಸ್‌ಪೋರ್ಟ್ ಕೊಡಬೇಕಾದವರು ಇನ್ನೆಲ್ಲೋ.

ದಾನಿಗಳ ವಿಷಯದಲ್ಲೂ ಇದೇ ಕತೆ. ಜರ್ಮನಿಯಲ್ಲಿ ವೀರ್ಯದಾನಕ್ಕೆ ಅಡ್ಡಿಯಿಲ್ಲ, ಮೊಟ್ಟೆ ದಾನಕ್ಕೆ 1990ರ ಕಾನೂನಿನಲ್ಲೇ ತಡೆ ಇದೆ. ಸ್ವೀಡನ್ 1985ರಲ್ಲೇ ದಾನಿಯ ಗುಟ್ಟನ್ನು ತೆಗೆದುಹಾಕಿತು. ದೊಡ್ಡದಾದ ಮೇಲೆ ಮಗು ಕೇಳಿದರೆ ದಾನಿ ಯಾರು ಅಂತ ತಿಳಿಸಬೇಕು. ಬ್ರಿಟನ್ 2005ರಲ್ಲಿ ಅದೇ ದಾರಿಗೆ ಬಂತು. ಇನ್ನು ಕೆಲವೆಡೆ ದಾನಿಯ ಹೆಸರು ಯಾವತ್ತೂ ಹೊರಗೆ ಬರುವಂತಿಲ್ಲ. ದಾನಿಯಿಂದ ಮಗು ಪಡೆಯುವವರು ಸಾಮಾನ್ಯವಾಗಿ ಒಂದೇ ಕೇಳುತ್ತಾರೆ, ನಾಳೆ ಆ ದಾನಿ ಬಂದು ಹಕ್ಕು ಕೇಳಿದರೆ? ಸರಿಯಾದ ಕ್ಲಿನಿಕ್, ಸರಿಯಾದ ಕಾಗದ ಇದ್ದರೆ ಬಹಳಷ್ಟು ಕಾನೂನುಗಳು ದಾನಿಗೆ ಹಕ್ಕೂ ಕೊಡುವುದಿಲ್ಲ, ಹೊಣೆಯೂ ಹೊರಿಸುವುದಿಲ್ಲ. ಭಾರತದ ಕಾನೂನಿನಲ್ಲೂ ಹಾಗೇ ಇದೆ. ಆ ಮಗು ಚಿಕಿತ್ಸೆ ಪಡೆದ ದಂಪತಿಯ ಸ್ವಂತ ಮಗುವೇ. ಪರಿಚಯದವರ ಹತ್ತಿರ ಕ್ಲಿನಿಕ್ಕಿನ ಹೊರಗೆ, ಬಾಯಿಮಾತಿನ ಮೇಲೆ ಮಾಡಿಕೊಂಡರೆ ಮಾತ್ರ ಈ ರಕ್ಷಣೆ ಸಿಗದೇ ಹೋಗಬಹುದು. ನನ್ನನ್ನು ಕೇಳಿದರೆ, ದಾನಿ ಏನು ಕೇಳಬಹುದು ಅನ್ನುವುದಕ್ಕಿಂತ ಮಗು ಏನು ಕೇಳಬಹುದು ಅಂತ ಮೊದಲು ಯೋಚಿಸಬೇಕು. ಈಗ ಮನೆಯಲ್ಲೇ ಡಿಎನ್‌ಎ ಪರೀಕ್ಷೆ ಮಾಡಿಕೊಳ್ಳುವ ಕಿಟ್ ಸಿಗುತ್ತದೆ. ಕಾನೂನು ಮುಚ್ಚಿಟ್ಟ ಹೆಸರನ್ನು ಒಂದು ಹನಿ ಜೊಲ್ಲು ಬಿಚ್ಚಿಡಬಹುದು.

ಚೌಕದ ಹಿಂದೆ ನಿಂತವರು

ಮಗಳು ಹುಟ್ಟಿದ ಮೇಲೆ, ರಾತ್ರಿ ಹಾಲೂಡಿಸುತ್ತಾ ಫೋನ್ ಹಿಡಿದಾಗ, ನಾನು ಈ ಕೇಸುಗಳನ್ನು ಒಂದೊಂದಾಗಿ ಓದತೊಡಗಿದೆ. ಏಳನೇ ಪುಟದ ಒಂದೊಂದು ಚೌಕದ ಹಿಂದೆಯೂ ಯಾರದೋ ಸಂಸಾರ ಇದೆ ಅಂತ ಆಗ ತಿಳಿಯಿತು.

ಇಬ್ಬರೂ ತೀರಿಕೊಂಡರೆ? ಹಾಗೂ ಆಗಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಚಿಕಿತ್ಸೆ ಪಡೆದಿದ್ದ ರಿಯೋಸ್ ದಂಪತಿ 1983ರಲ್ಲಿ ವಿಮಾನ ಅಪಘಾತದಲ್ಲಿ ಸತ್ತರು. ಅವರ ಎರಡು ಭ್ರೂಣ ಫ್ರೀಜರಿನಲ್ಲಿ ಉಳಿದವು. ಏನು ಮಾಡಬೇಕು ಅಂತ ಅವರು ಎಲ್ಲೂ ಬರೆದಿಟ್ಟಿರಲಿಲ್ಲ. ಅವರಿಗೆ ಆಸ್ತಿ ಇತ್ತು. ಆ ಭ್ರೂಣಗಳು ವಾರಸುದಾರರೋ, ಅಥವಾ ಅವೇ ಆಸ್ತಿಯ ಒಂದು ಭಾಗವೋ? ಪತ್ರಿಕೆಗಳಲ್ಲಿ, ಶಾಸನಸಭೆಯಲ್ಲಿ ವಾದ ನಡೆಯಿತು. ಉತ್ತರ ಹೇಳಬೇಕಾದವರು ಬದುಕಿರಲಿಲ್ಲ.

ಒಬ್ಬರು ತೀರಿಕೊಂಡರೆ? ಬ್ರಿಟನ್ನಿನ ಡಯೇನ್ ಬ್ಲಡ್ ಅವರ ಗಂಡ ಮೆದುಳಿನ ಸೋಂಕಿನಿಂದ ಕೋಮಾಕ್ಕೆ ಹೋದಾಗ ವೀರ್ಯ ತೆಗೆದಿಡಲಾಗಿತ್ತು. ಇಬ್ಬರೂ ಮಗು ಬೇಕು ಅಂತ ಪ್ರಯತ್ನದಲ್ಲೇ ಇದ್ದರಂತೆ. ಆದರೆ ಕಾನೂನು ಕೇಳಿದ್ದು ಗಂಡನ ಬರಹದ ಒಪ್ಪಿಗೆ. ಅದು ಇರಲಿಲ್ಲ. ಕೋರ್ಟುಗಳ ಮೆಟ್ಟಿಲು ಹತ್ತಿ, ಕೊನೆಗೆ 1997ರಲ್ಲಿ ಅದನ್ನು ಬೆಲ್ಜಿಯಂಗೆ ಒಯ್ದು ಚಿಕಿತ್ಸೆ ಪಡೆಯಲು ಅನುಮತಿ ಸಿಕ್ಕಿತು. ಒಂದು ಸಹಿ ಇದ್ದಿದ್ದರೆ ಅವರು ಅಷ್ಟು ಅಲೆಯಬೇಕಿರಲಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಈವಾನ್ಸ್ ಕೇಸ್. ನಟಾಲಿ ಈವಾನ್ಸ್ ಅವರ ಅಂಡಾಶಯಗಳಲ್ಲಿ ಕ್ಯಾನ್ಸರ್ ಆಗಬಹುದಾದ ಗೆಡ್ಡೆ ಕಂಡಿತು. ಅವನ್ನು ತೆಗೆಯುವ ಮೊದಲು ಸಂಗಾತಿಯ ಜೊತೆ ಸೇರಿ ಆರು ಭ್ರೂಣ ಫ್ರೀಜ್ ಮಾಡಿಸಿದರು. ಮುಂದಿನ ವರ್ಷ ಇಬ್ಬರೂ ದೂರವಾದರು. ಅವನು ಒಪ್ಪಿಗೆ ವಾಪಸ್ ತೆಗೆದುಕೊಂಡ. ಭ್ರೂಣ ಗರ್ಭಕೋಶ ಸೇರುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು ಅನ್ನುವುದು ಅಲ್ಲಿನ ಕಾನೂನು. ಅವಳಿಗೆ ಸ್ವಂತ ಮಗು ಪಡೆಯಲು ಇದ್ದ ಕೊನೆಯ ದಾರಿ ಅದೇ ಆಗಿತ್ತು. ಕೇಸ್ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನವರೆಗೂ ಹೋಯಿತು. 2007ರಲ್ಲಿ ಆ ಕೋರ್ಟ್ ಅವಳ ವಿರುದ್ಧ ತೀರ್ಪು ಕೊಟ್ಟಿತು. ಹದಿನೇಳು ಜನ ನ್ಯಾಯಾಧೀಶರಲ್ಲಿ ನಾಲ್ವರು ಅದನ್ನು ಒಪ್ಪಲಿಲ್ಲ. ಮೊದಲ ಸಲ ಓದಿದಾಗ ನಾನು ಪೂರಾ ಅವಳ ಕಡೆ ಇದ್ದೆ. ಎಂಥಾ ಮನುಷ್ಯ ಅವನು ಅಂತ ಬೈದುಕೊಂಡೆ. ಎರಡನೇ ಸಲ ಓದಿದಾಗ ಅಷ್ಟು ಸಲೀಸಾಗಿ ಬೈಯಲು ಆಗಲಿಲ್ಲ. ಬೇಡ ಅಂದವನನ್ನು ತಂದೆ ಮಾಡಬಹುದೇ? ನನ್ನನ್ನು ಹಾಗೆ ಬಲವಂತವಾಗಿ ತಾಯಿ ಮಾಡಲು ಬಂದರೆ?

ಅಮೆರಿಕದ ಟೆನೆಸ್ಸಿಯ ಡೇವಿಸ್ ದಂಪತಿಯ ಕೇಸೂ ಹೀಗೇ. ಏಳು ಭ್ರೂಣ, ಮುರಿದ ಮದುವೆ, ಮೊದಲೇ ಬರೆದಿಟ್ಟ ಒಪ್ಪಂದ ಇಲ್ಲ. ಕೆಳ ಕೋರ್ಟ್ ಅವನ್ನು ಮಕ್ಕಳ ಹಾಗೆ ನೋಡಿ ಹೆಂಡತಿಯ ವಶಕ್ಕೆ ಕೊಟ್ಟಿತು. 1992ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಭ್ರೂಣ ವ್ಯಕ್ತಿಯೂ ಅಲ್ಲ, ವಸ್ತುವೂ ಅಲ್ಲ, ನಡುವಿನ ಒಂದು ವಿಶೇಷ ಗೌರವ ಅದಕ್ಕೆ ಸಲ್ಲಬೇಕು ಅಂದಿತು. ಅಷ್ಟು ಹೊತ್ತಿಗೆ ಹೆಂಡತಿ ಅವನ್ನು ಬೇರೆ ದಂಪತಿಗೆ ಕೊಡಬೇಕು ಅನ್ನುತ್ತಿದ್ದಳು, ಗಂಡ ಬೇಡವೇ ಬೇಡ ಅನ್ನುತ್ತಿದ್ದ. ಗಂಡನ ಮಾತು ಗೆದ್ದಿತು. ಅದೇ ದೇಶದ ಅಲಬಾಮಾದಲ್ಲಿ 2024ರ ಫೆಬ್ರವರಿಯಲ್ಲಿ ಇನ್ನೊಂದು ಕೋರ್ಟ್ ತದ್ವಿರುದ್ಧ ಹೇಳಿತು. ಆಸ್ಪತ್ರೆಯಲ್ಲಿ ಯಾರೋ ಕೋಣೆಗೆ ನುಗ್ಗಿ ಭ್ರೂಣಗಳನ್ನು ಕೆಳಗೆ ಬೀಳಿಸಿದ್ದರು. ಮಕ್ಕಳ ಸಾವಿಗೆ ಪರಿಹಾರ ಕೇಳುವ 1872ರ ಕಾನೂನು ಆ ಭ್ರೂಣಗಳಿಗೂ ಅನ್ವಯಿಸುತ್ತದೆ ಅಂತ ತೀರ್ಪು ಬಂತು. ತಂದೆತಾಯಿಯ ದುಃಖಕ್ಕೆ ಬೆಲೆ ಕೊಟ್ಟ ಹಾಗೆ ಕಾಣುತ್ತದೆ, ನಿಜ. ಆದರೆ ಕೂಡಲೇ ಅಲ್ಲಿನ ಕೆಲವು ಕ್ಲಿನಿಕ್ಕುಗಳು ಹೆದರಿ ಐವಿಎಫ್ ನಿಲ್ಲಿಸಿದವು. ಇಂಜೆಕ್ಷನ್ ಶುರುಮಾಡಿದ್ದವರೂ ನಡುದಾರಿಯಲ್ಲಿ ಸಿಕ್ಕಿಬಿದ್ದರು. ಮಾರ್ಚ್‌ನಲ್ಲಿ ಶಾಸನಸಭೆ ಕ್ಲಿನಿಕ್ಕುಗಳಿಗೆ ರಕ್ಷಣೆ ಕೊಡುವ ಕಾನೂನು ತರಬೇಕಾಯಿತು.

ಇಷ್ಟು ಓದಿದ ಮೇಲೆ ನನಗೆ ಆ ಫಾರ್ಮಿನ ಮೇಲಿದ್ದ ಸಿಟ್ಟು ಇಳಿಯಿತು. ಮೊದಲು ಅನ್ನಿಸುತ್ತಿತ್ತು, ಮಗುವಿಗಾಗಿ ಆಸೆಪಟ್ಟು ಬಂದವರ ಮುಂದೆ ಸಾವು, ವಿಚ್ಛೇದನ ಅಂತ ಅಪಶಕುನ ನುಡಿಯುತ್ತಾರಲ್ಲ ಅಂತ. ಈಗ ಅನ್ನಿಸುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ಇಷ್ಟಪಡುತ್ತಾ ಪಕ್ಕಪಕ್ಕ ಕೂತಿರುವಾಗ ಅಲ್ಲದೆ ಇನ್ಯಾವಾಗ ಇದನ್ನು ಕೇಳುವುದು? ನನ್ನ ತಕರಾರು ಹತ್ತು ನಿಮಿಷದ ಬಗ್ಗೆ ಮಾತ್ರ. ಫಾರ್ಮನ್ನು ಒಂದು ವಾರ ಮೊದಲೇ ಮನೆಗೆ ಕೊಟ್ಟು ಕಳಿಸಬೇಕಿತ್ತು. ಕೊಡದಿದ್ದರೆ ನಾವೇ ಕೇಳಿ ಪಡೆಯಬೇಕಿತ್ತು. ಕ್ಲಿನಿಕ್ ಮುಚ್ಚಿದರೆ ಭ್ರೂಣಗಳು ಎಲ್ಲಿಗೆ ಹೋಗುತ್ತವೆ, ಇಡುವ ಬಾಡಿಗೆ ಕಟ್ಟುವುದು ತಪ್ಪಿದರೆ ಏನಾಗುತ್ತದೆ, ಟ್ಯಾಂಕ್ ಕೆಟ್ಟರೆ ಯಾರು ಹೊಣೆ, ಟಿಕ್ ಹಾಕಿದ ಮೇಲೆ ಮನಸ್ಸು ಬದಲಾದರೆ ಯಾರಿಗೆ ಬರೆಯಬೇಕು. ಇವೆಲ್ಲ ಆ ಹದಿನಾಲ್ಕು ಪುಟದಲ್ಲೇ ಇದ್ದವು. ಇನ್ನೊಂದು ಮಾತು. ಆ ಟಿಕ್ ಎಲ್ಲ ಕಡೆಯೂ ಕೊನೆಯ ಮಾತಲ್ಲ. ಕೆಲವು ಕೋರ್ಟುಗಳು ಮೊದಲ ಒಪ್ಪಂದವನ್ನೇ ಎತ್ತಿಹಿಡಿಯುತ್ತವೆ, ಕೆಲವು ಈಗಿನ ಮನಸ್ಸನ್ನು ನೋಡುತ್ತವೆ. ಆದರೆ ಏನೂ ಬರೆದಿಡದಿದ್ದರೆ ನಮ್ಮನ್ನು ಕಂಡೇ ಇರದ ಯಾರೋ ನಮ್ಮ ಪರವಾಗಿ ತೀರ್ಮಾನ ಮಾಡುತ್ತಾರೆ.

ಕಾಗದ ಬಂತು

ಕಳೆದ ತಿಂಗಳು ಕ್ಲಿನಿಕ್ಕಿನಿಂದ ಒಂದು ಕಾಗದ ಬಂತು. ನಿಮ್ಮ ಎರಡು ಭ್ರೂಣಗಳ ಅವಧಿ ಮುಗಿಯುತ್ತಿದೆ, ಮುಂದುವರಿಸುತ್ತೀರಾ, ತಿಂಗಳ ಕೊನೆಯೊಳಗೆ ತಿಳಿಸಿ, ಅಂತ. ಎಷ್ಟು ವರ್ಷ ಇಡಬಹುದು ಅನ್ನುವುದಕ್ಕೂ ಒಂದೊಂದು ಕಡೆ ಒಂದೊಂದು ಲೆಕ್ಕ. ಭಾರತದ ಕಾನೂನಿನಲ್ಲಿ ಹತ್ತು ವರ್ಷ. ಬ್ರಿಟನ್ನಿನಲ್ಲಿ 2022ರಿಂದ, ಹತ್ತು ವರ್ಷಕ್ಕೊಮ್ಮೆ ಒಪ್ಪಿಗೆ ಹೊಸದು ಮಾಡಿದರೆ 55 ವರ್ಷದವರೆಗೂ ಇಡಬಹುದು. ಜೊತೆಗೆ ನಮ್ಮ ಹಳೇ ಫಾರ್ಮಿನ ಪ್ರತಿಯನ್ನೂ ಕಳಿಸಿದ್ದರು. ಮಗಳು ಮಲಗಿದ ಮೇಲೆ ಟೇಬಲ್ ಮೇಲೆ ಹರಡಿಕೊಂಡು ಕೂತೆವು. ನಾನು ನೇರ ಏಳನೇ ಪುಟಕ್ಕೆ ಹೋದೆ.

ಮೊದಲ ಸಾಲಿನಲ್ಲಿ ನನ್ನ ಟಿಕ್, ಗಡಿಬಿಡಿಯಲ್ಲಿ ಚೌಕದಿಂದ ಹೊರಗೆ ಚಾಚಿತ್ತು. ಎರಡನೇ ಸಾಲಿನಲ್ಲಿ ಇವರ ಟಿಕ್. ಚೌಕದೊಳಗೇ, ಅಚ್ಚುಕಟ್ಟಾಗಿ. ಬೇರೆಯಾದರೆ ನಾಶ ಮಾಡಿ.

"ಸುಮ್ನೆ ಯಾವುದೋ ಒಂದಕ್ಕೆ ಹಾಕಿದ್ರಾ?" ಅಂತ ಕೇಳಿದೆ.

"ಇಲ್ಲ. ಅದೊಂದು ಪುಟ ನಾನು ಎರಡು ಸಲ ಓದಿದೆ. ನೀನು ಸಿಸ್ಟರ್ ಮಾತು ಕೇಳ್ತಿದ್ದೆ" ಅಂದರು.

ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ನಾಲ್ಕು ವರ್ಷದಿಂದ ನಾನು ಅಂದುಕೊಂಡಿದ್ದೆ, ಅವತ್ತು ಇಬ್ಬರೂ ಓದಲಿಲ್ಲ ಅಂತ. ಯಾಕೆ ಹಾಗೆ ಹಾಕಿದಿರಿ ಅಂದೆ. ನಿಧಾನವಾಗಿ ಹೇಳಿದರು. "ನಾವು ಬೇರೆಯಾಗಿ, ಎಲ್ಲೋ ನನಗೆ ಗೊತ್ತಿಲ್ಲದ ಹಾಗೆ ನನ್ನದೊಂದು ಮಗು ಬೆಳೀತಾ ಇರೋದು ನನಗೆ ಆಗಲ್ಲ. ಅದಕ್ಕೆ." ಹಾಗಾದರೆ ದಾನ ಅಂದರೂ ಆಗಲ್ವಾ ಅಂತ ಕೇಳಿದೆ. ಆ ಎರಡನ್ನೂ ಬೇರೆ ಯಾರಿಗಾದರೂ ಕೊಡೋಣ ಅಂತ ನಾನು ಬಹಳ ದಿನದಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಆ ಕ್ಲಿನಿಕ್ಕಿನ ಹೊರಗೆ ಕಾಯುತ್ತಿದ್ದ ಜೋಡಿಗಳು ಇನ್ನೂ ನನ್ನ ಕಣ್ಣಮುಂದೆ ಇದ್ದಾರೆ. ಇವರು ತಲೆ ಆಡಿಸಿದರು, ಆಗಲ್ಲ ಅಂತ. ಆಮೇಲೆ, ಒಳಗೆ ಮಲಗಿದ್ದವಳ ಕಡೆ ನೋಡಿ, "ಅವಳೂ ಅದೇ ಟ್ಯಾಂಕಿನಲ್ಲಿ ಇದ್ದವಳು ಅಲ್ವಾ" ಅಂದರು. ನಾನು ಕೊಡೋಣ ಅನ್ನುವುದಕ್ಕೂ ಅದೇ ಕಾರಣ. ಇವರು ಬೇಡ ಅನ್ನುವುದಕ್ಕೂ ಅದೇ ಕಾರಣ.

ಹನ್ನೆರಡೂವರೆಯವರೆಗೆ ಮಾತಾಡಿದೆವು. ಜಗಳ ಆಗಲಿಲ್ಲ, ತೀರ್ಮಾನವೂ ಆಗಲಿಲ್ಲ. ಇನ್ನೊಂದು ವರ್ಷಕ್ಕೆ ಹಣ ಕಟ್ಟಿದೆವು. ಹೊಸ ಫಾರ್ಮಿನ ಜೆರಾಕ್ಸ್ ಒಂದನ್ನು ಮಾಡಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದೇವೆ. ಏಳನೇ ಪುಟ ಮಾತ್ರ. ಎರಡನೇ ಸಾಲಿನಲ್ಲಿ ಈಗ ಎರಡು ಟಿಕ್ ಇವೆ, ಬೇರೆ ಬೇರೆ ಚೌಕದಲ್ಲಿ. ಎರಡನ್ನೂ ಪೆನ್ಸಿಲ್‌ನಲ್ಲೇ ಹಾಕಿದ್ದೇವೆ.